ಜೋರಾಗಿ ತಿರುಗಿದರೆ ಬೀಳಲ್ಲ ಅನ್ನೋದು ಬುಗುರಿಗೆ ಸರಿ

ಪ್ರಶ್ನೆ: ನಮಸ್ತೆ ಸರ್. ನಾವು ದಾವಣಗೆರೆ ವಿದ್ಯಾನಗರದವರು. ಮಗಳಿಗೆ 13 ವರ್ಷ. ಚಿಕ್ಕಂದಿನಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಹೋದ ವರ್ಷದಿಂದ ಆನ್‌ಲೈನ್‌ನಲ್ಲಿ ಬ್ಯಾಲೆ ಕ್ಲಾಸಿಗೂ ಸೇರಿದ್ದಾಳೆ. ಒಂಟಿ ಕಾಲಲ್ಲಿ ತಿರುಗುವ ಪಿರೂಯೆಟ್ ಒಂದು ಸುತ್ತು ಹೇಗೋ ಮುಗಿಸುತ್ತಾಳೆ. ಎರಡನೇ ಸುತ್ತಿಗೆ ಹಿಂದಕ್ಕೆ ವಾಲಿ ಬೀಳುತ್ತಾಳೆ. ನಾಲ್ಕೈದು ಸಲ ಮಾಡಿದರೆ ತಲೆ ಸುತ್ತುತ್ತೆ ಅಂತ ಕೂತುಬಿಡುತ್ತಾಳೆ. ನಮ್ಮ ಮನೆಯವರು ‘ಇನ್ನೂ ಜೋರಾಗಿ ತಿರುಗು, ಜೋರಾಗಿ ತಿರುಗೋ ಬುಗುರಿ ಬೀಳುತ್ತಾ?’ ಅಂತಾರೆ. ಈಗ ಕಾಲ್ಬೆರಳ ತುದಿಯ ಮೇಲೆ ನಿಲ್ಲೋಕೆ ಹಾಕುವ ಪಾಯಿಂಟ್ ಶೂ ಬೇಕು ಅಂತ ಹಠ ಬೇರೆ. ಕೊಡಿಸಬಹುದಾ? ಅವಳು ತಿರುಗುವ ವಿಡಿಯೊ ಕಳಿಸಿದ್ದೇನೆ.

ಉತ್ತರ: ಮೊದಲು ನಿಮ್ಮ ಮನೆಯವರ ಬುಗುರಿಯಿಂದಲೇ ಶುರು ಮಾಡೋಣ. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಬುಗುರಿ ಜೋರಾಗಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತೆ, ವೇಗ ಇಳಿದ ಮೇಲೆ ತೂರಾಡಿ ಬೀಳುತ್ತೆ. ಆದರೆ ನೆಟ್ಟಗೆ ನಿಲ್ಲೋಕೆ ಎಷ್ಟು ವೇಗ ಬೇಕು ಅನ್ನೋದು ಆಕಾರದ ಮೇಲೆ ಹೋಗುತ್ತೆ. ಬುಗುರಿ ಗಿಡ್ಡ, ಹೊಟ್ಟೆ ದಪ್ಪ, ಭಾರ ನೆಲಕ್ಕೆ ಹತ್ತಿರ. ನಾವು ಪೂರ್ತಿ ಉಲ್ಟಾ. ಉದ್ದ, ಸಪೂರ, ಭಾರದ ಕೇಂದ್ರ ಇರೋದು ಸೊಂಟದ ಹತ್ತಿರ. 45 ಕೆ.ಜಿ. ತೂಕದ ಹುಡುಗಿ ಬರೀ ವೇಗದ ಬಲದಿಂದ ನೆಟ್ಟಗೆ ನಿಲ್ಲಬೇಕು ಅಂತ ಲೆಕ್ಕ ಹಾಕಿದರೆ, ಸೆಕೆಂಡಿಗೆ ಹತ್ತಾರು ಸುತ್ತು ತಿರುಗಬೇಕಾಗುತ್ತೆ. ಬ್ಯಾಲೆಯಲ್ಲಿ ನುರಿತವರು ತಿರುಗೋದು ಸೆಕೆಂಡಿಗೆ ಎರಡು ಸುತ್ತಿನ ಆಸುಪಾಸು. ಮಂಜಿನ ಮೇಲೆ ಸ್ಕೇಟಿಂಗ್ ಮಾಡುವವರು ಗಿರ್ರಂತ ತಿರುಗುತ್ತಾರಲ್ಲ, ಅವರದ್ದೂ ಐದು ಸುತ್ತಿನ ಹತ್ತಿರ. ಈ ವೇಗಕ್ಕೆ ಬುಗುರಿಯ ಉಪಾಯ ಕೆಲಸಕ್ಕೇ ಬರಲ್ಲ. ಸುಮ್ನೆ ನಿಂತಿದ್ದಾಗ ವಾಲಿದರೆ ಹೇಗೆ ಬೀಳುತ್ತಾಳೋ, ತಿರುಗುವಾಗಲೂ ಹೆಚ್ಚುಕಡಿಮೆ ಹಾಗೇ ಬೀಳುತ್ತಾಳೆ.

ವೇಗ ಹೆಚ್ಚಾದರೆ ಇನ್ನೊಂದು ತೊಂದರೆಯೂ ಇದೆ. ಮೈ ವಾಲಿದ್ದು ಗೊತ್ತಾಗಿ, ಪಾದ ಅದನ್ನು ತಿದ್ದೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಸೆಕೆಂಡಿನ ಹತ್ತನೇ ಒಂದು ಭಾಗ ಅಂದ್ಕೊಳ್ಳಿ. ಸೆಕೆಂಡಿಗೆ ಎರಡು ಸುತ್ತಿನ ವೇಗದಲ್ಲಿ ಅಷ್ಟರೊಳಗೆ ಮೈ 72 ಡಿಗ್ರಿ ತಿರುಗಿರುತ್ತೆ. ಟಿ.ವಿ. ಕಡೆ ವಾಲಿದೆ ಅಂತ ಹೆಬ್ಬೆರಳು ಒತ್ತುವಷ್ಟರಲ್ಲಿ ಆ ಬೆರಳು ಕಿಟಕಿ ಕಡೆ ತಿರುಗಿರುತ್ತೆ. ತಿದ್ದುವ ಬಲ ಬೇರೆ ದಿಕ್ಕಿಗೆ ಹೋಯ್ತು. ನಿಧಾನವಾಗಿ ತಿರುಗುವವಳಿಗೆ ತಿದ್ದೋಕೆ ಒಂದು ಅವಕಾಶವಾದರೂ ಇರುತ್ತೆ. ಹಾಗಾಗಿ ಸದ್ಯಕ್ಕೆ ಅವಳ ಮುಂದೆ ‘ಜೋರಾಗಿ’ ಅನ್ನೋ ಮಾತೇ ಬೇಡ. ಎರಡನೇ ಸುತ್ತು ತಪ್ಪುತ್ತಿರೋದು ಮೊದಲನೇ ಸುತ್ತು ಶುರುವಾಗುವ ಮೊದಲೇ. ಅದು ನಿಮ್ಮ ವಿಡಿಯೊದಲ್ಲೇ ಕಾಣುತ್ತೆ.

ಅದಕ್ಕೆ ಮುಂಚೆ ಒಂದು ಲೆಕ್ಕ ನೋಡಿಬಿಡೋಣ. ಒಂಟಿ ಕಾಲಿನ ಮುಂಗಾಲ ಮೇಲೆ ನಿಂತಾಗ ನೆಲಕ್ಕೆ ತಾಗಿರೋದು ಅಂಗೈಗಿಂತ ಚಿಕ್ಕ ಜಾಗ. ಮೈಭಾರದ ಕೇಂದ್ರ ಆ ಜಾಗದ ನೇರ ಮೇಲೆ ಇರುವ ತನಕ ನಿಲ್ಲಬಹುದು. ಆಚೆ ಹೋಯ್ತೋ, ಬೀಳೋದು ಶುರು. ಮತ್ತೆ ಬೀಳೋದು ಒಂದೇ ವೇಗದಲ್ಲಿ ಆಗಲ್ಲ. ವಾಲಿದಷ್ಟೂ ಬೇಗ ಬೇಗ ವಾಲುತ್ತೆ. ಐದಡಿ ಎತ್ತರದ ಹುಡುಗಿ ತಿರುಗೋಕೆ ಎದ್ದಾಗ 1 ಡಿಗ್ರಿ ಓರೆ ಇದ್ದಳು ಅಂತ ಇಟ್ಟುಕೊಳ್ಳಿ. ಸೊಂಟದ ಹತ್ತಿರ ಅದು ಒಂದೂವರೆ ಸೆಂಟಿಮೀಟರ್ ಅಷ್ಟೇ, ಕಣ್ಣಿಗೂ ಕಾಣಲ್ಲ. ಏನೂ ತಿದ್ದದೆ ಬಿಟ್ಟರೆ ಒಂದು ಸೆಕೆಂಡಿನಲ್ಲಿ ಅದು 10 ಡಿಗ್ರಿ ಹತ್ತಿರ ಆಗಿರುತ್ತೆ. ಒಂದು ಸುತ್ತು ಮುಗಿಸೋಕೆ ಮುಕ್ಕಾಲು ಸೆಕೆಂಡ್ ಸಾಕು. ಹಾಗಾಗಿ ವಾಲಿಕೊಂಡೇ ಒಂದು ಸುತ್ತು ಮುಗಿಸಿಬಿಡಬಹುದು. ನೋಡುವವರಿಗೆ ಚೆನ್ನಾಗೇ ಬಂತು ಅನ್ನಿಸುತ್ತೆ. ಎರಡನೇ ಸುತ್ತಿನಲ್ಲಿ ಬಣ್ಣ ಬಯಲಾಗುತ್ತೆ.

ಈಗ ವಿಡಿಯೊ. ಅದನ್ನು ತೀರಾ ನಿಧಾನ ಮಾಡಿ ಮತ್ತೆ ಮತ್ತೆ ನೋಡಿದೆ. (ಮೂಲೆಯಲ್ಲಿ ಕೂತಿರುವ ಅಜ್ಜಿ ‘ಸಾಕು ಬಿಡೇ’ ಅನ್ನೋದೂ ನಿಧಾನವಾಗಿ ಎಳೆದೆಳೆದು ಕೇಳುತ್ತೆ.) ಎಡಗಾಲು ಮುಂದೆ, ಬಲಗಾಲು ಹಿಂದೆ ಇಟ್ಟು ಮಂಡಿ ಬಗ್ಗಿಸಿದ್ದಾಳೆ. ಬ್ಯಾಲೆಯವರು ಇದನ್ನು ಫೋರ್ತ್ ಪೊಸಿಷನ್ ಅಂತಾರೆ, ಮಂಡಿ ಬಗ್ಗಿಸೋದು ಪ್ಲಿಯೇ. ಭಾರ ಎರಡೂ ಕಾಲಿನ ನಡುವೆ ಇದೆ. ಇಲ್ಲಿಯವರೆಗೂ ಸರಿ. ಈಗ ಅವಳು ಎಡಗಾಲ ಮುಂಗಾಲ ಮೇಲೆ ಏಳಬೇಕು. ಅಂದರೆ ಮೈಭಾರ ಒಂದು ಗೇಣಿನಷ್ಟು ಮುಂದೆ ಬಂದು ಎಡ ಮುಂಗಾಲ ಮೇಲೆ ಕೂರಬೇಕು. ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಅವಳ ಎಡ ಹಿಮ್ಮಡಿ ನೆಲ ಬಿಡುವ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ ನೋಡಿ. ಸೊಂಟ ಇನ್ನೂ ಎರಡು ಬೆರಳಷ್ಟು ಹಿಂದೆ ಇದೆ. ತಿರುಗುವ ಆತುರ ಜಾಸ್ತಿಯಾಗಿದೆ, ಮುಂದೆ ಬರುವ ಕೆಲಸ ಮುಗಿದಿಲ್ಲ.

ಅದೇ ಚಿತ್ರದಲ್ಲಿ ಬಲಗೈ ನೋಡಿ. ಮುಂದಿನಿಂದ ಪಕ್ಕಕ್ಕೆ ತೆರೆಯಬೇಕಾದ ಕೈ ಬೆನ್ನು ದಾಟಿ ಹಿಂದಕ್ಕೆ ಹೋಗಿದೆ. ಅದರ ಜೊತೆ ಬಲಭುಜವೂ ಹೋಗಿದೆ, ಪಕ್ಕೆಲುಬು ಮುಂದೆ ಉಬ್ಬಿದೆ. ಜೋರಾಗಿ ತಿರುಗಬೇಕು ಅನ್ನುವವರೆಲ್ಲ ಮಾಡೋದು ಇದನ್ನೇ. ಇನ್ನೊಂದು, ಅವಳು ಕಣ್ಣು ನೆಟ್ಟಿರೋದು ಗೋಡೆ ಗಡಿಯಾರದ ಮೇಲೆ. ಗಡಿಯಾರ ಎತ್ತರದಲ್ಲಿದೆ. ಅದನ್ನು ನೋಡೋಕೆ ಗದ್ದ ಎತ್ತಿದ್ದಾಳೆ, ತಲೆ ಹಿಂದಕ್ಕೆ ಸರಿದಿದೆ. ತಲೆ ಅಂದರೆ ನಾಲ್ಕು ಕೆ.ಜಿ. ಹತ್ತಿರದ ಭಾರ, ಅದೂ ತುತ್ತತುದಿಯಲ್ಲಿ. ಸೊಂಟ ಹಿಂದೆ, ಭುಜ ಹಿಂದೆ, ತಲೆ ಹಿಂದೆ. ಹಿಂದಕ್ಕೆ ಬೀಳದೆ ಇನ್ನೇನಾಗುತ್ತೆ?

ತಿರುಗುವ ಬಲ ಎಲ್ಲಿಂದ ಬರುತ್ತೆ ಅನ್ನೋದು ಅವಳಿಗೆ ಅರ್ಥವಾದರೆ ಕೈ ಬೀಸೋದು ತಾನಾಗೇ ಕಡಿಮೆಯಾಗುತ್ತೆ. ಗಾಳಿಯನ್ನು ತಳ್ಳಿ ತಿರುಗೋಕಾಗಲ್ಲ. ನೆಲವನ್ನೇ ತಳ್ಳಬೇಕು. ಒಂದು ಪಾದ ನೆಲವನ್ನು ಒಂದು ಪಕ್ಕಕ್ಕೆ ತಳ್ಳುತ್ತೆ, ಇನ್ನೊಂದು ಅದರ ಎದುರು ಪಕ್ಕಕ್ಕೆ. ನಲ್ಲಿಯ ತಿರುಪು ತಿರುಗಿಸುವಾಗ ಎರಡು ಬೆರಳು ಮಾಡೋದೂ ಇದನ್ನೇ. ಪಾದಗಳ ನಡುವೆ ಅಂತರ ಜಾಸ್ತಿ ಇದ್ದಷ್ಟೂ ಕಡಿಮೆ ಬಲಕ್ಕೆ ಜಾಸ್ತಿ ತಿರುವು ಸಿಗುತ್ತೆ. ಎರಡೂ ಪಾದ ಅಂಟಿಸಿಕೊಂಡು ನಿಲ್ಲುವ ಫಿಫ್ತ್ ಪೊಸಿಷನ್‌ನಿಂದ ಎರಡು ಮೂರು ಸುತ್ತು ಹಾಕೋದು ಕಷ್ಟ ಅನ್ನೋದು ಇದಕ್ಕೇ. ಹಾಗಂತ ತೀರಾ ಅಗಲ ಇಟ್ಟರೆ ಭಾರ ಮುಂದೆ ತರುವ ದೂರವೂ ಹೆಚ್ಚುತ್ತೆ. ನಿಮ್ಮ ಮಗಳದ್ದು ಸ್ವಲ್ಪ ಅಗಲವೇ ಆಯ್ತು. ಅರ್ಧ ಪಾದದಷ್ಟು ಒಳಗೆ ತರಲಿ.

ಹಿಂದಿನ ಕಾಲು ನೆಲ ಬಿಟ್ಟ ಮೇಲೆ ಹೊಸದಾಗಿ ಗಳಿಸೋದು ಏನೂ ಇಲ್ಲ. ಪಿಯುಸಿಯಲ್ಲಿ ಕೋನೀಯ ಸಂವೇಗ ಅಂತ ಓದಿರ್ತೀರಿ, ಅಂದರೆ ಮೈಯಲ್ಲಿ ಕೂಡಿಕೊಂಡ ಒಟ್ಟು ತಿರುವು. ಅದು ಅಷ್ಟೇ ಇರುತ್ತೆ. ಮುಂಗಾಲ ಕೆಳಗಿನ ಉಜ್ಜುವಿಕೆಯಿಂದ ನಿಧಾನವಾಗಿ ಸ್ವಲ್ಪ ಸೋರಿ ಹೋಗುತ್ತೆ, ಅಷ್ಟೇ. ಅವಳ ಕೈಯಲ್ಲಿ ಉಳಿದಿರೋದು ಅದನ್ನು ಹಂಚುವ ಕೆಲಸ. ಕೈ ಎರಡು ಪಟ್ಟು ದೂರ ಇದ್ದರೆ ತಿರುಗೋಕೆ ಅದು ಕೊಡುವ ಅಡ್ಡಿ ನಾಲ್ಕು ಪಟ್ಟು. ಕೈ ಒಳಗೆ ಬಂದರೆ ಆ ಅಡ್ಡಿ ಇಳಿದು ಮೈ ತಾನಾಗೇ ವೇಗ ಪಡೆಯುತ್ತೆ. ಮೊದಲು ಕೈ ತೆರೆಯುತ್ತೆ, ಪಾದ ಇನ್ನೂ ನೆಲದಲ್ಲಿರುವಾಗಲೇ ತಿರುವು ಕೈಯಲ್ಲಿ ಕೂಡಿಕೊಳ್ಳುತ್ತೆ. ಆಮೇಲೆ ಕೈ ಒಳಬಂದಂತೆ ಅದು ಮೈಗೆ ಹೋಗುತ್ತೆ. ಇಷ್ಟಕ್ಕೆ ಕೈ ಪಕ್ಕದವರೆಗೆ ಬಂದರೆ ಧಾರಾಳ ಸಾಕು. ಅಮೆರಿಕದ ಡಿಕಿನ್ಸನ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಕೆನೆತ್ ಲಾಸ್ ಬ್ಯಾಲೆಯ ಇಂಥ ಲೆಕ್ಕಗಳನ್ನೆಲ್ಲ ಬಿಡಿಸಿ ಬರೆದವರು. ದೊಡ್ಡವರಾದ ಮೇಲೆ ತಾವೂ ಬ್ಯಾಲೆ ಕಲಿತರು. ಅದಕ್ಕೇ ಏನೋ, ಅವರ ವಿವರಣೆಯಲ್ಲಿ ಕಾಲುನೋವು ಗೊತ್ತಿರುವವರ ದನಿ ಇದೆ.

ನಿಮ್ಮ ಮಗಳು ವಿಡಿಯೊಗಳಲ್ಲಿ ಫ್ವೆಟೇ ನೋಡಿಯೇ ಇರ್ತಾಳೆ, ಒಂದೇ ಕಾಲಲ್ಲಿ ನಿಂತ ಜಾಗದಲ್ಲೇ ಸುತ್ತಿನ ಮೇಲೆ ಸುತ್ತು ಹಾಕೋದು. ಪಿಯೆರಿನಾ ಲೆನ್ಯಾನಿ ಅನ್ನುವ ಇಟಲಿಯ ಕಲಾವಿದೆ 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ‘ಸ್ವಾನ್ ಲೇಕ್’ನಲ್ಲಿ 32 ಫ್ವೆಟೇ ಹಾಕಿದರು. ಆಮೇಲೆ ಅದೇ ರೂಢಿಯಾಯ್ತು. ಅಷ್ಟೂ ಸುತ್ತು ಒಂದೇ ತಳ್ಳುವಿಕೆಯಲ್ಲಿ ಬರೋದು ಅಂದ್ಕೋಬೇಡಿ. ಪ್ರತಿ ಸುತ್ತಿನಲ್ಲೂ ಮೈ ಮುಂದಕ್ಕೆ ಮುಖ ಮಾಡಿದಾಗ ಹಿಮ್ಮಡಿ ಕೆಳಗೆ ಬರುತ್ತೆ, ಮಂಡಿ ಬಗ್ಗುತ್ತೆ, ಪಾದ ಮತ್ತೆ ನೆಲವನ್ನು ತಳ್ಳುತ್ತೆ. ಆ ಹೊತ್ತಿಗೆ ಚಾಚಿದ ಕಾಲು ಪಕ್ಕಕ್ಕೆ ತಿರುಗುತ್ತಾ ಇರೋದರಿಂದ ತಿರುವು ಅದರಲ್ಲಿ ಉಳಿದಿರುತ್ತೆ. ಮೈ ಒಂದು ಕ್ಷಣ ನಿಂತ ಹಾಗೆ ಕಾಣುತ್ತೆ. ಅದೇ ಕ್ಷಣದಲ್ಲಿ ನುರಿತವರು ವಾಲಿದ್ದನ್ನೂ ತಿದ್ದಿಕೊಳ್ಳುತ್ತಾರೆ. ಇದನ್ನೆಲ್ಲ ಮನೆಯ ಹಾಲ್‌ನಲ್ಲಿ ಈಗಲೇ ಮಾಡೋದು ಬೇಡ.

ತಲೆಸುತ್ತು ಬೇರೆಯೇ ವಿಷಯ. ಬೀಳೋದು ಕಾಲು ಸೊಂಟದ ಸಮಸ್ಯೆ, ತಲೆಸುತ್ತು ಕಿವಿಯದ್ದು. ಎರಡನ್ನೂ ಒಂದೇ ಅಂದ್ಕೊಂಡರೆ ಎರಡೂ ಸರಿಹೋಗಲ್ಲ. ಒಳಕಿವಿಯಲ್ಲಿ ಒಂದಕ್ಕೊಂದು ಅಡ್ಡಡ್ಡವಾಗಿ ಮೂರು ಪುಟ್ಟ ನಾಳಗಳಿವೆ, ಒಳಗೆ ದ್ರವ ಇದೆ. ತಲೆ ತಿರುಗಿದಾಗ ನಾಳ ತಿರುಗುತ್ತೆ, ದ್ರವ ಹಿಂದೆ ಬೀಳುತ್ತೆ. ಲೋಳೆಯಂಥ ಒಂದು ಪರದೆ ಅಲ್ಲಿ ಬಾಗುತ್ತೆ. ‘ತಿರುಗ್ತಿದೀನಿ’ ಅಂತ ಮೆದುಳಿಗೆ ಗೊತ್ತಾಗೋದು ಹೀಗೆ. ತಿರುಗುತ್ತಲೇ ಇದ್ದರೆ ದ್ರವವೂ ಅದೇ ವೇಗಕ್ಕೆ ಬರುತ್ತೆ. ಆಗ ಫಕ್ಕನೆ ನಿಂತರೆ ನಾಳ ನಿಂತಿತು, ದ್ರವ ನಿಲ್ಲಲಿಲ್ಲ. ಪರದೆ ಈಗ ಎದುರು ದಿಕ್ಕಿಗೆ ಬಾಗುತ್ತೆ. ಉಲ್ಟಾ ತಿರುಗ್ತಿದೀವಿ ಅಂತ ಮೆದುಳು ನಂಬುತ್ತೆ. ಕಣ್ಣು ತಾನಾಗೇ ಒಂದು ಪಕ್ಕಕ್ಕೆ ಜಾರಿ ಜಾರಿ ವಾಪಸ್ ಬರುತ್ತೆ, ಗೋಡೆ ಓಡಿದ ಹಾಗೆ ಕಾಣುತ್ತೆ.

ಇದಕ್ಕೆ ಬ್ಯಾಲೆಯಲ್ಲಿ ಸ್ಪಾಟಿಂಗ್ ಹೇಳಿಕೊಡುತ್ತಾರೆ. ಕಣ್ಣನ್ನು ಒಂದು ಗುರುತಿನ ಮೇಲೆ ನೆಡಬೇಕು. ಮೈ ತಿರುಗಿದರೂ ಕುತ್ತಿಗೆ ಎಟುಕುವಷ್ಟು ಹೊತ್ತು ಮುಖ ಅಲ್ಲೇ ಇರಬೇಕು. ಆಮೇಲೆ ತಲೆ ಚಟಕ್ಕನೆ ತಿರುಗಿ ಮೈಗಿಂತ ಮೊದಲೇ ಅದೇ ಗುರುತಿಗೆ ಬರಬೇಕು. ಕಥಕ್‌ನಲ್ಲಿ ಹಿಮ್ಮಡಿಯ ಮೇಲೆ ಚಕ್ಕರ್ ಹಾಕುವವರು ಮಾಡೋದೂ ಇದನ್ನೇ. ಆದರೆ ಇದರಿಂದ ಕಿವಿಗೆ ಪೂರ್ತಿ ಮೋಸ ಮಾಡೋಕಾಗಲ್ಲ. ಲೆಕ್ಕ ಮಾಡಿ ನೋಡಿ, ಮೈ ಎಷ್ಟು ಸುತ್ತು ತಿರುಗಿತೋ ತಲೆಯೂ ಅಷ್ಟೇ ಸುತ್ತು ತಿರುಗಿರುತ್ತೆ ಅಲ್ವಾ? ಸ್ಪಾಟಿಂಗ್‌ನ ಲಾಭ ಇರೋದು ಕಣ್ಣಿಗೆ. ಪ್ರತಿ ಸುತ್ತಿನಲ್ಲೂ ನಿಂತ ಚಿತ್ರವೊಂದು ಸಿಗುತ್ತೆ, ಮುಂಭಾಗ ಯಾವುದು ಅಂತ ಗೊತ್ತಿರುತ್ತೆ, ನಿಂತ ಮೇಲೆ ಜಾರುವ ಕಣ್ಣನ್ನು ಆ ಗುರುತು ಹಿಡಿದಿಡುತ್ತೆ.

ಉಳಿದ ಕೆಲಸ ಮೆದುಳಿನದ್ದು, ಅದು ಅಭ್ಯಾಸದಿಂದ ಬರುತ್ತೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬ್ಯಾರಿ ಸೀಮುಂಗಲ್ ಮತ್ತು ಜೊತೆಗಾರರು 29 ಬ್ಯಾಲೆ ಕಲಾವಿದೆಯರನ್ನೂ ಅದೇ ವಯಸ್ಸಿನ, ಅಷ್ಟೇ ಗಟ್ಟಿಮುಟ್ಟಾದ 20 ದೋಣಿ ಸ್ಪರ್ಧಿಗಳನ್ನೂ ಕತ್ತಲ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ ತಿರುಗಿಸಿದರು. ಕುರ್ಚಿ ನಿಂತ ಮೇಲೂ ತಿರುಗುತ್ತಿರುವ ಭಾವನೆ ಎಷ್ಟು ಹೊತ್ತು ಇರುತ್ತೆ ಅಂತ ಅಳೆದರು. ಕಲಾವಿದೆಯರಿಗೆ ಅದು ಬೇಗ ಹೋಯ್ತು. ಕಿರುಮೆದುಳಿನಲ್ಲಿ ಕಿವಿಯ ಸುದ್ದಿ ನೋಡಿಕೊಳ್ಳುವ ಒಂದು ಭಾಗವೂ ಅವರಲ್ಲಿ ಚಿಕ್ಕದಾಗಿತ್ತು. ಇದು ಪ್ರಕಟವಾಗಿದ್ದು 2013ರಲ್ಲಿ. ಕತ್ತಲಲ್ಲಿ ಕುರ್ಚಿಯ ಮೇಲೆ ಸ್ಪಾಟಿಂಗ್ ಎಲ್ಲಿಂದ ಬರಬೇಕು? ವರ್ಷಗಳ ಅಭ್ಯಾಸದಿಂದ ಅವರ ಮೆದುಳು ಆ ಸುದ್ದಿಯನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳದೇ ಇರೋದನ್ನು ಕಲಿತಿದೆ. ನಿಮ್ಮ ಮಗಳಿಗೂ ಬರುತ್ತೆ. ದಿನಾ ಸ್ವಲ್ಪ ಸ್ವಲ್ಪ ಮಾಡಬೇಕು. ಭಾನುವಾರ ಒಂದೇ ಸಲ ಒಂದು ಗಂಟೆ ತಿರುಗಿದರೆ ವಾಂತಿ ಬರುತ್ತೆ, ಅಷ್ಟೇ.

ಒಂದು ಎಚ್ಚರಿಕೆ. ತಿರುಗಿ ನಿಂತ ತಕ್ಷಣ ಅವಳು ಕೆಳಗೆ ಬಗ್ಗಿ ಪಾದ ನೋಡುತ್ತಾಳೆ. ಅದು ಬೇಡವೇ ಬೇಡ. ಒಳಗೆ ದ್ರವ ಇನ್ನೂ ಓಡುತ್ತಿರುವಾಗ ತಲೆ ಬಗ್ಗಿಸಿದರೆ ಅಡ್ಡ ತಿರುಗುತ್ತಿದ್ದ ಭಾವನೆ ಉರುಳಿ ಬೀಳುವ ಭಾವನೆ ಆಗಿಬಿಡುತ್ತೆ. ಗುರುತನ್ನೇ ನೋಡುತ್ತಾ ಎರಡು ಉಸಿರು ನಿಲ್ಲಲಿ. ಆಮೇಲೆ ಬೇಕಾದರೆ ಪಾದ ನೋಡಿಕೊಳ್ಳಲಿ. ಮತ್ತೆ, ನೃತ್ಯ ಮಾಡದೇ ಇದ್ದಾಗಲೂ ತಲೆ ಸುತ್ತಿದರೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಸುತ್ತಿದರೆ, ಕಿವಿ ಗುಂಯ್ ಅಂದರೆ ಅದನ್ನು ಅಭ್ಯಾಸಕ್ಕೆ ಬಿಡಬೇಡಿ. ಕಿವಿ ಮೂಗು ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಭರತನಾಟ್ಯ ಇದಕ್ಕೆ ಅಡ್ಡಿ ಆಗುತ್ತಾ ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಆಗಲ್ಲ. ನಂದಿಕೇಶ್ವರನ ‘ಅಭಿನಯ ದರ್ಪಣ’ ಅನ್ನೋ ಹಳೆಯ ನಾಟ್ಯಗ್ರಂಥದಲ್ಲಿ ಏಳು ಭ್ರಮರಿಗಳಿವೆ, ಅಂದರೆ ತಿರುಗುವ ಚಲನೆಗಳು. ಒಂಟಿ ಕಾಲಲ್ಲಿ ತಿರುಗುವ ಏಕಪಾದ ಭ್ರಮರಿ ಅದರಲ್ಲೇ ಒಂದು. ಮಂಡಿ ಹೊರಕ್ಕೆ ಬಗ್ಗಿಸಿ ಅರೆಮಂಡಿಯಲ್ಲಿ ವರ್ಷಗಟ್ಟಲೆ ಕೂತ ತೊಡೆ, ಹೊರಕ್ಕೆ ತೆರೆದ ಸೊಂಟ ಬ್ಯಾಲೆಗೆ ದೊಡ್ಡ ಆಸ್ತಿ. ಆದರೆ ಅಲ್ಲಿ ಪಾದ ನೆಲವನ್ನು ಬಡಿಯೋಕೆ ಕಲಿತಿದೆ, ಭಾರ ಕೆಳಗೆ ಇಳಿಯೋದು ರೂಢಿ. ಕುದಿತ್ತ ಮೆಟ್ಟು ಅನ್ನೋ ಅಡವಿನಲ್ಲಿ (ಅಡವು ಅಂದರೆ ಮೂಲ ಹೆಜ್ಜೆ) ಮುಂಗಾಲ ಮೇಲೆ ಎದ್ದರೂ ತಕ್ಷಣ ಹಿಮ್ಮಡಿ ಬಡಿಯುತ್ತೆ. ಮುಂಗಾಲ ಮೇಲೇ ಉಳಿಯುವ ಕೆಲಸ ಮೀನಖಂಡಕ್ಕೆ ಹೊಸದು. ಬೇರೆ ಬೇರೆ ಕುಣಿತಗಳು ತಿರುಗುವ ಕಷ್ಟವನ್ನು ಬೇರೆ ಬೇರೆ ಥರ ಬಿಡಿಸಿಕೊಂಡಿವೆ. ನಿಮ್ಮೂರಿನ ದುರ್ಗಾಂಬಿಕಾ ಜಾತ್ರೆ ಕಡೆ ಡೊಳ್ಳಿನವರು ಸಿಕ್ಕರೆ ಸೊಂಟದಿಂದ ಮೇಲೆ ನೋಡಿ. ಮುಂದೆ ಕಟ್ಟಿದ ಡೊಳ್ಳಿನ ಭಾರಕ್ಕೆ ಸರಿಯಾಗಿ ಬೆನ್ನು ಹಿಂದಕ್ಕೆ ವಾಲಿರುತ್ತೆ. ತಿರುಗುವಾಗ ಎರಡೂ ಕಾಲಲ್ಲಿ ಹೆಜ್ಜೆ ಹಾಕಿಕೊಂಡೇ ತಿರುಗುತ್ತಾರೆ. ಅಷ್ಟು ಭಾರ ಹೊತ್ತು ಒಂಟಿ ಕಾಲಿನ ಸಾಹಸ ಮಾಡೋಕೆ ಅವರೇನು ದಡ್ಡರೇ?

ಅಭ್ಯಾಸ ಹೀಗಿರಲಿ. ಗಡಿಯಾರ ಬಿಟ್ಟು, ಮುಂಗಾಲ ಮೇಲೆ ನಿಂತಾಗ ಅವಳ ಕಣ್ಣು ಎಲ್ಲಿ ಬರುತ್ತೋ ಅಷ್ಟೇ ಎತ್ತರಕ್ಕೆ ಗೋಡೆಗೆ ಒಂದು ದೊಡ್ಡ ಬಿಂದಿ ಅಂಟಿಸಿ. ಅದೇ ಫೋರ್ತ್ ಪೊಸಿಷನ್‌ನಿಂದ, ಅದೇ ಕೈಯಿಂದ, ತಿರುಗದೆ ಸುಮ್ನೆ ಎದ್ದು ನಿಲ್ಲಲಿ. ಬಲ ಪಾದ ಎಡ ಮಂಡಿ ಹತ್ತಿರ, ಹಿಮ್ಮಡಿ ಎತ್ತರ. ನಾಲ್ಕು ಎಣಿಸುವ ತನಕ ಅಲುಗಾಡದೆ ನಿಂತು, ಮೆತ್ತಗೆ ಇಳಿಯಬೇಕು. ಹತ್ತರಲ್ಲಿ ಎಂಟು ಸಲ ಇದು ಬಂದ ಮೇಲೆ ಕಾಲು ಸುತ್ತು. ಆಮೇಲೆ ಅರ್ಧ. ಆಮೇಲೆ ಒಂದು. ಪ್ರತಿ ಸಲವೂ ಕೊನೆಗೆ ಮೇಲೇ ನಿಂತು ತೋರಿಸಬೇಕು. ಬೀಳುತ್ತಾ ಮುಗಿಸಿದ್ದು ಲೆಕ್ಕಕ್ಕಿಲ್ಲ. ಈ ಹಂತದಲ್ಲಿ ಮಕ್ಕಳಿಗೆ ಬೇಜಾರಾಗುತ್ತೆ, ಯಾಕಂದ್ರೆ ತಿರುಗೋದೇ ಇಲ್ಲವಲ್ಲ. ನೀವು ಪಕ್ಕದಿಂದ ಫೋನಿನಲ್ಲಿ ಸ್ಲೋ ಮೋಷನ್ ತೆಗೆದು ಅವಳಿಗೇ ತೋರಿಸಿ. ಹಿಮ್ಮಡಿ ಏಳುವಾಗ ಸೊಂಟ ಎಲ್ಲಿದೆ ಅಂತ ಅವಳೇ ಕಂಡುಹಿಡಿಯಲಿ. ಹೇಳಿದ್ದಕ್ಕಿಂತ ನೋಡಿದ್ದು ಬೇಗ ನಾಟುತ್ತೆ. ಜೊತೆಗೆ ದಿನಾ ಗೋಡೆ ಹಿಡಿದು ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸೋದು, ಎರಡೂ ಕಾಲಿಗೆ.

ನೆಲದ ಬಗ್ಗೆಯೂ ನೋಡಿಕೊಳ್ಳಿ. ನುಣುಪು ಟೈಲ್ಸ್ ಮೇಲೆ ಕಾಲುಚೀಲ ಹಾಕಿಕೊಂಡು ತಿರುಗುತ್ತಿದ್ದಾಳೆ. ತಳ್ಳುವ ಪಾದ ಜಾರಿದರೆ ತಿರುವು ಸಿಗಲ್ಲ, ಆಗ ಕೈ ಬೀಸುತ್ತಾಳೆ. ಹಾಗಂತ ಮಹಡಿಯ ಒರಟು ಸಿಮೆಂಟಿನ ಮೇಲೆ ಬರಿಗಾಲಲ್ಲಿ ಮಾಡಿದರೆ ಪಾದ ಅಂಟಿಕೊಳ್ಳುತ್ತೆ, ಮೈ ತಿರುಗುತ್ತೆ, ನಡುವೆ ಸಿಕ್ಕಿ ತಿರುಚಿಕೊಳ್ಳೋದು ಮಂಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಬೆವರಿದ ಪಾದ ಟೈಲ್ಸ್‌ಗೂ ಹಾಗೇ ಅಂಟುತ್ತೆ. ಮೆತ್ತನೆ ಬಟ್ಟೆಯ ಬ್ಯಾಲೆ ಶೂ ಸಾಕು.

ಇನ್ನು ಪಾಯಿಂಟ್ ಶೂ. ಈಗ ಬೇಡ. ಅದರ ತುದಿಯಲ್ಲಿ ನಿಂತಾಗ ನೆಲಕ್ಕೆ ತಾಗೋದು ಹತ್ತು ಹನ್ನೆರಡು ಚದರ ಸೆಂಟಿಮೀಟರ್. 45 ಕೆ.ಜಿ. ಅಷ್ಟರ ಮೇಲೆ ಕೂತರೆ ಒಂದೊಂದು ಚದರ ಸೆಂಟಿಮೀಟರಿಗೂ ನಾಲ್ಕು ಕೆ.ಜಿ. ಹತ್ತಿರ ಬೀಳುತ್ತೆ. ಮುಂಗಾಲ ಮೇಲೆ ನಿಂತಾಗ ಬೆರಳು ಒತ್ತಿ ತಿದ್ದೋಕೆ ಇದ್ದ ಅನುಕೂಲವೂ ಅಲ್ಲಿ ಬಹುಪಾಲು ಹೋಗುತ್ತೆ. ಇವಳಿಗೆ ಕಷ್ಟ ಇರೋದೇ ಅಲ್ಲಿ. ವಯಸ್ಸು 12 ದಾಟಿದೆ ಅನ್ನೋದು ಒಂದೇ ಸಾಲದು. ಪಾದದ ಎಲುಬು ಇನ್ನೂ ಬೆಳೆಯುತ್ತಿರುತ್ತೆ. ಬ್ಯಾಲೆಯಲ್ಲೇ ಕೆಲವು ವರ್ಷದ ಅಭ್ಯಾಸ ಬೇಕು, ಕಣಕಾಲು ಪೂರ್ತಿ ಚಾಚಬೇಕು, ಒಂಟಿ ಕಾಲಲ್ಲಿ ಇಪ್ಪತ್ತು ಸಲ ಹಿಮ್ಮಡಿ ಎತ್ತಿದರೂ ಪಾದ ಹೊರಕ್ಕೆ ವಾಲಬಾರದು. ಮುಂಗಾಲ ಮೇಲೆ ಒಂದು ಸ್ವಚ್ಛ ಪಿರೂಯೆಟ್ ಬರುತ್ತಾ ಅನ್ನೋದನ್ನೂ ಈ ಶೂಗೆ ಮುಂಚಿನ ಪರೀಕ್ಷೆಗಳಲ್ಲಿ ನೋಡುತ್ತಾರೆ. ಅಷ್ಟೆಲ್ಲ ಆದ ಮೇಲೂ ಆನ್‌ಲೈನ್‌ನಲ್ಲಿ ನಂಬರ್ ನೋಡಿ ತರಿಸಬೇಡಿ. ಬೆಂಗಳೂರಿಗೆ ಹೋದಾಗ ಬ್ಯಾಲೆ ಹೇಳಿಕೊಡುವವರೊಬ್ಬರು ಅವಳ ಪಾದ ಕೈಯಲ್ಲಿ ಹಿಡಿದು ನೋಡಿ, ಹಾಕಿಸಿ, ನಿಲ್ಲಿಸಿ, ಆಮೇಲೆ ಹೇಳಲಿ.